ಬಿರಡೆಯ ಬೆಲೆ, ಕಾಡಿನ ಬಾಳು

ವೈನ್ ಬಾಟಲಿಯ ಬಿರಡೆಯನ್ನು ಕಸಕ್ಕೆ ಎಸೆಯದೆ ಮರುಬಳಕೆಗೆ ಕೊಡಿ ಎನ್ನುವವರು ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಹಾಗೆ ಮಾಡಿದರೆ ಮರ ಉಳಿಯುತ್ತದೆ. ಕಾಗದದ ವಿಷಯದಲ್ಲಿ ಕೇಳಿ ಕೇಳಿ ರೂಢಿಯಾಗಿರುವ ಈ ಮಾತು ಕಾರ್ಕಿಗೂ ಹೊಂದುತ್ತದೆಂದು ನಾವು ಮರುಯೋಚನೆಯಿಲ್ಲದೆ ಒಪ್ಪಿಬಿಡುತ್ತೇವೆ. ಆದರೆ ಕಾರ್ಕಿಗಾಗಿ ಯಾರೂ ಮರ ಕಡಿಯುವುದಿಲ್ಲ. ಕಾರ್ಕು ಎಂದರೆ ಮರದ ಹೊರತೊಗಟೆ. ಸುಲಿದರೆ ಮತ್ತೆ ಬೆಳೆಯುತ್ತದೆ. ಅಷ್ಟೇ ಏಕೆ, ಆ ಮರಗಳು ಈ ಹೊತ್ತಿಗೂ ನಿಂತಿರುವುದೇ ಅವುಗಳ ತೊಗಟೆಯನ್ನು ಕೊಳ್ಳುವವರು ಇರುವುದರಿಂದ. ಹಾಗಿದ್ದಮೇಲೆ ಬಳಸಿದ ಬಿರಡೆಯನ್ನು ಕೂಡಿಡುವುದರಲ್ಲಿ ಏನು ಅರ್ಥ? ಅರ್ಥ ಖಂಡಿತ ಇದೆ ಎಂಬುದು ನನ್ನ ವಾದ. ಅದನ್ನು ಸರಿಯಾದ ಜಾಗದಲ್ಲಿ ಹುಡುಕಬೇಕು, ಅಷ್ಟೆ. ತಪ್ಪು ಕಾರಣವನ್ನು ನಂಬಿ ಮಾಡುವ ಒಳ್ಳೆಯ ಕೆಲಸ ಬಹಳ ದಿನ ನಡೆಯುವುದಿಲ್ಲ. ಕಾರಣ ಹುಸಿಯೆಂದು ತಿಳಿದ ದಿನ ಕೆಲಸವೂ ನಿಂತುಹೋಗುತ್ತದೆ.

ಕಾರ್ಕು ಕೊಡುವುದು ಓಕ್ ಕುಲದ ಒಂದು ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ವೆರ್ಕಸ್ ಸುಬರ್. ಪೋರ್ಚುಗಲ್, ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿಯ ಸಾರ್ಡೀನಿಯಾ ದ್ವೀಪ, ಮೆಡಿಟರೇನಿಯನ್ ಸಮುದ್ರದ ಆಚೆ ದಡದ ಮೊರಾಕ್ಕೊ, ಅಲ್ಜೀರಿಯಾ ಮತ್ತು ಟ್ಯುನೀಸಿಯಾಗಳಲ್ಲಿ ಒಟ್ಟು 20 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಈ ಮರಗಳಿವೆ. ಅದರಲ್ಲಿ ಮೂರನೇ ಒಂದು ಪಾಲು ಪೋರ್ಚುಗಲ್ ಒಂದರಲ್ಲೇ ಇದೆ. ಜಗತ್ತಿಗೆ ಬೇಕಾದ ಕಾರ್ಕಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಅಲ್ಲಿಂದಲೇ ಬರುತ್ತದೆ. ಅಲ್ಲಿ ಸರ್ಕಾರದ ಅನುಮತಿಯಿಲ್ಲದೆ ಕಾರ್ಕ್ ಓಕ್ ಕಡಿಯುವಂತಿಲ್ಲ, ಅದು ನಿಮ್ಮ ಸ್ವಂತ ಜಮೀನಿನಲ್ಲಿದ್ದರೂ ಸರಿಯೆ. 2011ರಲ್ಲಿ ಪೋರ್ಚುಗಲ್ಲಿನ ಸಂಸತ್ತು ಅದನ್ನು ರಾಷ್ಟ್ರೀಯ ಮರವೆಂದು ಘೋಷಿಸಿತು.

ಈ ಬೆಳೆಯಲ್ಲಿ ಅವಸರಕ್ಕೆ ಎಡೆಯೇ ಇಲ್ಲ. ಸಸಿ ನೆಟ್ಟು ಸುಮಾರು 25 ವರ್ಷವಾಗಿ, ಕಾಂಡದ ಸುತ್ತಳತೆ 70 ಸೆಂಟಿಮೀಟರ್ ಮುಟ್ಟುವವರೆಗೆ ತೊಗಟೆ ಸುಲಿಯುವುದಕ್ಕೆ ಪೋರ್ಚುಗಲ್ಲಿನ ಕಾನೂನು ಒಪ್ಪುವುದಿಲ್ಲ. ಆಮೇಲೂ ಒಂದು ಸುಲಿಗೆಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂಬತ್ತು ವರ್ಷದ ಅಂತರ ಇರಲೇಬೇಕು. ಮೊದಲ ಸುಲಿಗೆಯ ತೊಗಟೆ ಒರಟು, ಬಿರುಕುಬಿರುಕು. ಎರಡನೆಯದೂ ಬಿರಡೆಗೆ ಒದಗುವುದಿಲ್ಲ. ನಯವಾದ, ಸಮನಾದ ತೊಗಟೆ ಸಿಗುವುದು ಮೂರನೆಯ ಸುಲಿಗೆಯಲ್ಲಿ. ಲೆಕ್ಕ ಹಾಕಿ ನೋಡಿ: 25ಕ್ಕೆ ಒಂಬತ್ತು, ಮತ್ತೊಂದು ಒಂಬತ್ತು ಕೂಡಿದರೆ 43 ವರ್ಷ. ಸಸಿ ನೆಟ್ಟ ರೈತ ಬಿರಡೆಯ ಹಣ ಕಾಣುವ ಹೊತ್ತಿಗೆ ಮುದುಕನಾಗಿರುತ್ತಾನೆ. ಆಮೇಲಿನ ಆದಾಯ ಮಕ್ಕಳದು, ಮೊಮ್ಮಕ್ಕಳದು. ಮರವೇನೋ ಇನ್ನೂರು ವರ್ಷ ಬಾಳಬಲ್ಲದು. ಆಗ್ವಾಸ್ ದೆ ಮೋರಾ ಎಂಬ ಊರಿನಲ್ಲಿ 1783ರಲ್ಲಿ ನೆಟ್ಟ ಮರದಿಂದ 1820ರಿಂದೀಚೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ತೊಗಟೆ ತೆಗೆದಿದ್ದಾರೆ. 2018ರಲ್ಲಿ ಅದು ಯೂರೋಪಿನ ವರ್ಷದ ಮರವಾಗಿ ಆಯ್ಕೆಯಾಯಿತು.

ಸುಲಿಯುವುದು ಮೇ ನಡುವಿನಿಂದ ಆಗಸ್ಟ್‌ವರೆಗೆ, ಮರದೊಳಗೆ ರಸ ಚುರುಕಾಗಿ ಹರಿಯುವ ಕಾಲದಲ್ಲಿ. ಆಗ ಹೊರತೊಗಟೆ ಒಳತೊಗಟೆಯಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಕೆಲಸ ನಡೆಯುವುದು ಕೈಕೊಡಲಿಯಿಂದ. ಏಟು ಒಂದು ಕೂದಲೆಳೆಯಷ್ಟು ಆಳಕ್ಕೆ ಹೋದರೂ ಒಳತೊಗಟೆಗೆ ಗಾಯವಾಗಿ ಮರ ಕುಗ್ಗುತ್ತದೆ. ಅದಕ್ಕೇ ಈ ಕಸುಬುದಾರರು ಯೂರೋಪಿನ ಕೃಷಿ ಕೂಲಿಕಾರರಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನಲ್ಲಿದ್ದಾರೆ. ಸುಲಿದಾದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. 2024ರಲ್ಲಿ ಸುಲಿದ ಮರಕ್ಕೆ 4. ಆ 4ನ್ನು ಕಂಡವರು 2033ರವರೆಗೆ ಅದರ ತಂಟೆಗೆ ಹೋಗುವುದಿಲ್ಲ. ಹಲಗೆಗಳನ್ನು ಬಯಲಲ್ಲಿ ತಿಂಗಳುಗಟ್ಟಲೆ ಒಣಗಿಸಿ, ನೀರಿನಲ್ಲಿ ಕುದಿಸಿ, ಪಟ್ಟಿಗಳಾಗಿ ಕೊಯ್ದು ಅದರಿಂದ ಬಿರಡೆಗಳನ್ನು ಕೊರೆದು ತೆಗೆಯುತ್ತಾರೆ. ಹೀಗೆ ಇಡಿಯಾಗಿ ಕೊರೆದ ಬಿರಡೆಯಾಗುವುದು ಸುಲಿದ ತೊಗಟೆಯ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದನ್ನು ಪುಡಿಮಾಡಿ ನೆಲಹಾಸು, ಗೋಡೆಯ ಹಲಗೆ, ಚಪ್ಪಲಿಯ ಅಟ್ಟೆ, ಯಂತ್ರಗಳ ಗ್ಯಾಸ್ಕೆಟ್ ಮಾಡುತ್ತಾರೆ. ಕೊನೆಗೆ ಉಳಿದ ದೂಳು ಕೂಡ ಕಾರ್ಖಾನೆಯ ಬಾಯ್ಲರಿಗೆ ಉರುವಲು. ಇಷ್ಟು ಜೋಪಾನದಿಂದ ಒಂದು ಚೂರನ್ನೂ ಹಾಳುಮಾಡದ ಉದ್ಯಮದಲ್ಲಿ ಎಲ್ಲಕ್ಕಿಂತ ಒಳ್ಳೆಯ ತುಂಡು ಗ್ರಾಹಕನ ಕೈ ಸೇರಿದೊಡನೆ ಕಸವಾಗುತ್ತದೆ. ಸರಪಳಿ ಕಡಿಯುವುದು ನಮ್ಮ ಕೈಯಲ್ಲಿ.

ತೊಗಟೆಗೂ ಕಾಡಿಗೂ ಇರುವ ನಂಟನ್ನು ಹಣದ ಭಾಷೆಯಲ್ಲೇ ಹೇಳಬೇಕಾಗುತ್ತದೆ. ಪೋರ್ಚುಗಲ್ಲಿನ ಅಲೆಂತೆಜು ಪ್ರಾಂತ್ಯದಲ್ಲಿ ಮೊಂತಾದು ಎಂದು ಕರೆಯುವ ಈ ಕಾಡು ಮನುಷ್ಯ ಕಾಲಿಡದ ಅಡವಿಯಲ್ಲ. ಮರಗಳು ದೂರದೂರ ನಿಂತಿರುತ್ತವೆ. ಕೆಳಗೆ ಕುರಿ, ದನ, ಹಂದಿ ಮೇಯುತ್ತವೆ. ಅಲ್ಲಲ್ಲಿ ಧಾನ್ಯ ಬೆಳೆಯುತ್ತಾರೆ. ಜೇನು, ಅಣಬೆಗಳೂ ಉಂಟು. ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕು, ಸ್ಪೇನಿನ ಇಂಪೀರಿಯಲ್ ಹದ್ದು ಇಂಥ ಕಾಡುಗಳನ್ನು ಆಶ್ರಯಿಸಿವೆ. ಮಳೆ ಕಡಿಮೆ, ಮಣ್ಣು ತೆಳು. ಬೇರುಗಳು ಹಿಡಿದಿಡದಿದ್ದರೆ ಆ ನೆಲ ಮರುಭೂಮಿಯತ್ತ ಜಾರುತ್ತದೆ. ಬೆಂಕಿ ಬಿದ್ದಾಗಲೂ ಕಾರ್ಕಿನ ದಪ್ಪ ಕವಚ ಮರವನ್ನು ಕಾಯುತ್ತದೆ. ಕೊಂಬೆ ಸುಟ್ಟರೂ ಅದು ಮತ್ತೆ ಚಿಗುರುತ್ತದೆ. ಆದರೆ ಈ ಕಾಡನ್ನು ನೋಡಿಕೊಳ್ಳುವವರು ಬೇಕು. ಪೊದೆ ಸವರದೆ, ದನ ಮೇಯಿಸದೆ ಬಿಟ್ಟರೆ ಕುರುಚಲು ಬೆಳೆದು ಬೆಂಕಿಗೆ ಸೌದೆ ಪೇರಿಸಿಟ್ಟಂತಾಗುತ್ತದೆ. ನೋಡಿಕೊಳ್ಳುವವರ ಕೂಲಿ ಎಲ್ಲಿಂದ ಬರಬೇಕು? ಪೋರ್ಚುಗಲ್ಲಿನ ಕಾರ್ಕು ರಫ್ತಿನ ಆದಾಯದಲ್ಲಿ ಮುಕ್ಕಾಲಿನ ಆಸುಪಾಸು ಬರುವುದು ಬಿರಡೆಗಳಿಂದ. ನೆಲಹಾಸು, ಹಲಗೆ, ಅಟ್ಟೆಗಳೆಲ್ಲ ಸೇರಿ ತರುವುದು ಮಿಕ್ಕ ಪಾಲನ್ನು. ಒಂಬತ್ತು ವರ್ಷಕ್ಕೊಮ್ಮೆ ಬರುವ ಬಿರಡೆಯ ದುಡ್ಡೇ ಆ ಕಾಡಿನ ಸಂಸಾರವನ್ನು ತೂಗಿಸುತ್ತಿದೆ.

ಇದು ಊಹೆಯ ಮಾತಲ್ಲ ಎಂದು ಕಳೆದ ಮೂರು ದಶಕಗಳ ಅನುಭವ ತೋರಿಸಿದೆ. ಕೆಲವು ಬಿರಡೆಗಳಲ್ಲಿ ಟಿಸಿಎ ಎಂಬ ರಾಸಾಯನಿಕ ಸೇರಿಕೊಂಡು ವೈನಿಗೆ ಒದ್ದೆ ರಟ್ಟಿನ ಮುಗ್ಗಲು ವಾಸನೆ ತರುತ್ತಿತ್ತು. ಬೇಸತ್ತ ತಯಾರಕರು 1990ರ ದಶಕದಿಂದ ಪ್ಲಾಸ್ಟಿಕ್ ಬಿರಡೆಗೆ, ಅಲ್ಯೂಮಿನಿಯಂ ತಿರುಪು ಮುಚ್ಚಳಕ್ಕೆ ಹೊರಳಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಂತೂ ತಿರುಪು ಮುಚ್ಚಳವೇ ವಾಡಿಕೆಯಾಯಿತು. ಅವರನ್ನು ದೂರುವಂತಿಲ್ಲ; ವರ್ಷವಿಡೀ ದುಡಿದು ಮಾಡಿದ ವೈನು ಒಂದು ಬಿರಡೆಯಿಂದ ಕೆಡುವುದನ್ನು ಯಾರು ಸಹಿಸುತ್ತಾರೆ? ಆದರೆ ಅದರ ಪೆಟ್ಟು ಬಿದ್ದದ್ದು ಸಾವಿರಾರು ಮೈಲಿ ದೂರದ ಕಾಡಿಗೆ. ಪರಿಸ್ಥಿತಿ ಹೀಗೇ ಮುಂದುವರಿದರೆ ಹತ್ತು ವರ್ಷದೊಳಗೆ ಪಶ್ಚಿಮ ಮೆಡಿಟರೇನಿಯನ್ನಿನ ಕಾರ್ಕ್ ಕಾಡಿನ ಮುಕ್ಕಾಲು ಪಾಲು ಕೈಬಿಟ್ಟುಹೋಗಬಹುದು ಎಂದು 2006ರಲ್ಲಿ ನಿಸರ್ಗ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಎಚ್ಚರಿಸಿತು. ಅಷ್ಟು ದೊಡ್ಡ ಅನಾಹುತ ಆಗಲಿಲ್ಲ. ಕಾರ್ಕು ಉದ್ಯಮ ಎಚ್ಚೆತ್ತು, ಹಣ ಹಾಕಿ, ಟಿಸಿಎಯನ್ನು ಪತ್ತೆಹಚ್ಚುವ ಮತ್ತು ತೊಲಗಿಸುವ ವಿಧಾನಗಳನ್ನು ಕಂಡುಕೊಂಡಿತು. ಬಿರಡೆಯ ಬೇಡಿಕೆ ಚೇತರಿಸಿಕೊಂಡಿತು. ಕಾಡು ಉಳಿದದ್ದು ಕಾನೂನೊಂದರಿಂದಲೇ ಅಲ್ಲ, ತೊಗಟೆಗೆ ಬೆಲೆ ಉಳಿದದ್ದರಿಂದ.

ಕೊಡಗನ್ನೂ ಚಿಕ್ಕಮಗಳೂರನ್ನೂ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡುಮರಗಳ ನೆರಳಲ್ಲಿ ಬೆಳೆವ ಕಾಫಿ ತೋಟ ಹಕ್ಕಿಗಳಿಗೂ ತೊರೆಗಳಿಗೂ ಆಸರೆ. ಆದರೆ ಆ ನೆರಳಿಗೆ ಬೆಲೆ ಸಿಗದಿದ್ದಾಗ ಹಳೆಯ ಮರಗಳ ಜಾಗಕ್ಕೆ ಬೇಗ ಬೆಳೆಯುವ ಸಿಲ್ವರ್ ಓಕ್ ಬಂದು ನಿಲ್ಲುತ್ತದೆ. ಬದುಕನ್ನೂ ಕಾಡನ್ನೂ ಒಟ್ಟಿಗೆ ಹೆಣೆದುಕೊಂಡ ನೆಲವನ್ನು ಹೊಗಳಿಕೆಯಿಂದ ಉಳಿಸಲಾಗುವುದಿಲ್ಲ. ಅದು ಕೊಡುವ ಪದಾರ್ಥವನ್ನು ಗೌರವದಿಂದ ಬಳಸಿಯೇ ಉಳಿಸಬೇಕು.

ಈಗ ಮರುಬಳಕೆಯ ಪ್ರಶ್ನೆಗೆ ಬರೋಣ. ಮೇಲಿನ ಮಾತುಗಳನ್ನು ಒಪ್ಪಿದವರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು. ಹೊಸ ಕಾರ್ಕಿಗೆ ಬೇಡಿಕೆ ಇದ್ದರೆ ಕಾಡು ಉಳಿಯುವುದಾದರೆ, ಹಳೆಯ ಕಾರ್ಕನ್ನು ಮತ್ತೆ ಬಳಸಿ ಆ ಬೇಡಿಕೆಯನ್ನು ತಗ್ಗಿಸುವುದು ಕಾಡಿಗೆ ಕೇಡಲ್ಲವೆ? ಇದಕ್ಕೆ ಉತ್ತರ ಬಿರಡೆಯ ಸ್ವಭಾವದಲ್ಲೇ ಇದೆ. ಬಳಸಿದ ಬಿರಡೆ ಮತ್ತೆ ವೈನ್ ಬಿರಡೆಯಾಗುವುದಿಲ್ಲ. ತಿರುಪು ಹೊಕ್ಕು ತೂತಾಗಿರುತ್ತದೆ, ವೈನು ಹೀರಿರುತ್ತದೆ. ಆಹಾರಕ್ಕೆ ತಾಗುವ ವಸ್ತುವಿಗೆ ಬೇಕಾದ ಶುದ್ಧಿಯ ಖಾತರಿಯನ್ನು ಅದು ಕೊಡಲಾರದು. ಪುಡಿಯಾಗಿ ಅದು ಸೇರುವುದು ನೆಲಹಾಸು, ಅಟ್ಟೆ, ಶಾಖ ತಡೆಯುವ ಪದರ, ಸೂಚನಾ ಫಲಕಗಳನ್ನು. ಕಾಡಿನ ಹೊಟ್ಟೆ ತುಂಬಿಸುವ ಬಿರಡೆ ಮಾರುಕಟ್ಟೆಯಲ್ಲಿ ಅದು ಪೈಪೋಟಿಗೆ ಇಳಿಯುವುದೇ ಇಲ್ಲ. ಪೈಪೋಟಿ ಇರುವುದು ಮುಖ್ಯವಾಗಿ ಪೆಟ್ರೋಲಿಯಂನಿಂದ ಮಾಡಿದ ಫೋಮ್, ಥರ್ಮೋಕೋಲ್, ಪ್ಲಾಸ್ಟಿಕ್ ಹಾಸುಗಳ ಜೊತೆ. ಆ ಪೈಪೋಟಿಯಲ್ಲಿ ಕಾರ್ಕು ಗೆಲ್ಲಲಿ ಎಂದು ಬಯಸುವುದಕ್ಕೆ ಎಲ್ಲ ಕಾರಣಗಳೂ ಇವೆ.

ಪುಡಿಯಾದ ಮೇಲೂ ಕಾರ್ಕು ಕಾರ್ಕೇ ಆಗಿ ಉಳಿಯುತ್ತದೆ ಎಂಬುದು ಇನ್ನೊಂದು ಮುಖ್ಯ ಸಂಗತಿ. ಕಾಗದವನ್ನು ಪ್ರತಿ ಸಲ ಮರುಬಳಸಿದಾಗ ಅದರ ನಾರು ಗಿಡ್ಡವಾಗುತ್ತ ಹೋಗಿ ಕೊನೆಗೆ ಕೆಲಸಕ್ಕೆ ಬಾರದಾಗುತ್ತದೆ. ಕಾರ್ಕಿನ ರಚನೆ ಬೇರೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದ ಕೆಳಗೆ ಕಾರ್ಕಿನ ಪದರವಿಟ್ಟು ನೋಡಿದಾಗ ಕಂಡ ಪುಟ್ಟ ಕೋಣೆಗಳಿಗೇ ಜೀವಕೋಶ ವಿಜ್ಞಾನ ತನ್ನ ಹೆಸರಿನ ಋಣ ಹೊತ್ತಿದೆ. ಒಂದು ಘನ ಸೆಂಟಿಮೀಟರ್ ಕಾರ್ಕಿನಲ್ಲಿ ಇಂಥ ಸುಮಾರು 4 ಕೋಟಿ ಕೋಣೆಗಳಿರುತ್ತವೆ, ಪ್ರತಿಯೊಂದರಲ್ಲೂ ಗಾಳಿ. ಎಂದಮೇಲೆ ಒಂದು ಘನ ಮಿಲಿಮೀಟರಿನ ಹರಳಿನಲ್ಲೂ 40 ಸಾವಿರ ಕೋಣೆಗಳು. ಅರೆದರೆ ಅಂಚಿನವು ಒಡೆಯುತ್ತವೆ, ಒಳಗಿನವು ಹಾಗೇ ಉಳಿಯುತ್ತವೆ. ಅಮುಕಿದರೆ ಕುಗ್ಗಿ ಬಿಟ್ಟರೆ ಉಬ್ಬುವ ಗುಣ, ಶಾಖವನ್ನೂ ಸದ್ದನ್ನೂ ತಡೆಯುವ ಗುಣ, ನೀರಿಗೆ ಜಗ್ಗದ ಗುಣ ಇವೆಲ್ಲ ಈ ಕೋಣೆಗಳಿಂದ, ಅವುಗಳ ಗೋಡೆಯಲ್ಲಿರುವ ಸುಬೆರಿನ್ ಎಂಬ ಮೇಣದಂಥ ವಸ್ತುವಿನಿಂದ ಬಂದವು. ಬಿರಡೆಯಾಗಿ ಹತ್ತು ವರ್ಷ ಬಾಟಲಿ ಕಾದ ಕಾರ್ಕು ನೆಲಹಾಸಾಗಿ ಇನ್ನೂ ಹಲವು ದಶಕ ಕೆಲಸ ಮಾಡಬಲ್ಲದು.

ಎರಡನೆಯ ಆಕ್ಷೇಪ: ಕಾರ್ಕು ಗಿಡದಿಂದ ಬಂದದ್ದು, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ, ಕೂಡಿಡುವ ಗೋಜೇಕೆ? ಮಣ್ಣಾಗುತ್ತದೆ ನಿಜ, ಆದರೆ ಬಹಳ ನಿಧಾನವಾಗಿ. ನೀರನ್ನೂ ಸೂಕ್ಷ್ಮಜೀವಿಗಳನ್ನೂ ದೂರವಿಡುವುದಕ್ಕಾಗಿಯೇ ಮರ ಬೆಳೆಸಿಕೊಂಡ ಕವಚ ಅದು. ನಮ್ಮ ನಗರಗಳಲ್ಲಿ ಅದು ಮಣ್ಣಿಗೆ ಬೀಳುವುದೂ ಅಪರೂಪ; ಪ್ಲಾಸ್ಟಿಕ್ ಚೀಲದೊಳಗೆ, ಮಿಶ್ರ ಕಸದ ಗುಡ್ಡೆಗೆ ಸೇರುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಕಾರ್ಕಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲ. ಮರ ಗಾಳಿಯಿಂದ ಹೀರಿಕೊಂಡ ಆ ಇಂಗಾಲ ನೆಲಹಾಸಿನಲ್ಲೋ ಗೋಡೆಯಲ್ಲೋ ಇರುವಷ್ಟು ಕಾಲ ಗಾಳಿಗೆ ಮರಳುವುದಿಲ್ಲ. ಒಂದು ಬಿರಡೆಯ ತೂಕ ಸುಮಾರು ನಾಲ್ಕು ಗ್ರಾಂ ಮಾತ್ರ. ಅದೊಂದರಿಂದ ಭೂಮಿ ಉಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕಾರ್ಕು ಬಿರಡೆಗಳು ತಯಾರಾಗುತ್ತವೆ. ಒಟ್ಟು ತೂಕ 50 ಸಾವಿರ ಟನ್ನಿನ ಹತ್ತಿರ. ಇಷ್ಟು ಉತ್ತಮ ದರ್ಜೆಯ ಕಚ್ಚಾ ಸಾಮಗ್ರಿಯನ್ನು ಪ್ರತಿವರ್ಷ ಕಸವೆಂದು ಕರೆಯುವುದು ಅವಿವೇಕ.

ಮೂರನೆಯ ಆಕ್ಷೇಪ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ್ದು. ಕಾರ್ಕು ಹಗುರ, ಆದರೆ ಜಾಗ ತಿನ್ನುತ್ತದೆ. ಒಂದು ಕಿಲೋ ಆಗಬೇಕಾದರೆ 250 ಬಿರಡೆ ಬೇಕು. ಅವನ್ನು ಒಟ್ಟುಮಾಡಲು ಕಾರು ಓಡಿಸಿದರೆ, ಸಮುದ್ರ ದಾಟಿಸಿದರೆ, ಉಳಿಸಿದ್ದಕ್ಕಿಂತ ಸುಟ್ಟ ಡೀಸೆಲ್ಲೇ ಹೆಚ್ಚಾದೀತು. ಈ ಆಕ್ಷೇಪವನ್ನು ತಳ್ಳಿಹಾಕದೆ ಒಪ್ಪಿಕೊಂಡು ವ್ಯವಸ್ಥೆ ಕಟ್ಟಿದ ಕಡೆ ಕೆಲಸ ಚೆನ್ನಾಗಿ ನಡೆದಿದೆ. ಪೋರ್ಚುಗಲ್ಲಿನಲ್ಲಿ ಕ್ವೆರ್ಕಸ್ ಎಂಬ ಪರಿಸರ ಸಂಸ್ಥೆ 2008ರಲ್ಲಿ ಆರಂಭಿಸಿದ 'ಗ್ರೀನ್ ಕಾರ್ಕ್' ಯೋಜನೆ ಸೂಪರ್‌ಮಾರ್ಕೆಟ್ಟುಗಳಲ್ಲಿ, ಶಾಲೆಗಳಲ್ಲಿ ಡಬ್ಬಿಗಳನ್ನಿಟ್ಟಿತು. ಜನ ಹೇಗೂ ಸಾಮಾನು ತರಲು ಹೋಗುವ ಜಾಗ, ಹೇಗೂ ಓಡಾಡುವ ಸಾಗಣೆಯ ಜಾಲ. ಬಿರಡೆ ಅದರಲ್ಲೇ ಪಯಣಿಸುತ್ತದೆ. ಬಂದ ಹಣ ಅಲ್ಲಿನ ನಾಡಮರಗಳನ್ನು ನೆಡಲು ಹೋಗುತ್ತದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ನಾಬು ಎಂಬ ನಿಸರ್ಗ ಸಂರಕ್ಷಣಾ ಸಂಘ 1994ರಿಂದ ಬಿರಡೆ ಕೂಡಿಸುತ್ತಿದೆ. ಅಂಗವಿಕಲರು ದುಡಿಯುವ ಕಾರ್ಯಾಗಾರದಲ್ಲಿ ಅವು ಮನೆಗಳ ಶಾಖನಿರೋಧಕ ಪುಡಿಯಾಗುತ್ತವೆ. ಆದಾಯ ಸೇರುವುದು ಕ್ರೌಂಚ ಪಕ್ಷಿಗಳ ರಕ್ಷಣೆಗೆ. ಆ ಪಕ್ಷಿಗಳು ಚಳಿಗಾಲ ಕಳೆಯುವುದು ಸ್ಪೇನಿನ ಎಕ್ಸ್‌ಟ್ರಿಮದೂರಾದ ಓಕ್ ಕಾಡುಗಳಲ್ಲೇ. ಸುತ್ತು ಹೀಗೆ ಪೂರ್ತಿಯಾಗುತ್ತದೆ: ಕಾಡಿನ ತೊಗಟೆ ಊರಿಗೆ ಬಂತು, ಊರಿನ ಜನ ಅದರ ಎರಡನೇ ಬಾಳಿನಿಂದ ಕಾಡಿನ ಅತಿಥಿಗಳನ್ನು ಕಾದರು.

ಮರುಬಳಕೆಯ ಮಿತಿಗಳನ್ನೂ ಹೇಳಬೇಕು. ಪುಡಿಯನ್ನು ಹಲಗೆಯಾಗಿ ಕೂಡಿಸಲು ಸಾಮಾನ್ಯವಾಗಿ ಪಾಲಿಯುರೇಥೇನ್ ಅಂಟು ಬಳಸುತ್ತಾರೆ; ಹಾಗೆ ಮಾಡಿದ ವಸ್ತು ಪೂರ್ತಿ ನೈಸರ್ಗಿಕವೆಂದು ಹೇಳಲಾಗದು. ಕಾರ್ಕಿನ ಬಣ್ಣ ಬಳಿದುಕೊಂಡ ಪ್ಲಾಸ್ಟಿಕ್ ಬಿರಡೆಗಳು ರಾಶಿಯಲ್ಲಿ ಸೇರಿದರೆ ಇಡೀ ಪುಡಿ ಕೆಡುತ್ತದೆ, ಆದ್ದರಿಂದ ಆರಿಸುವ ಕೆಲಸ ತಪ್ಪಿದ್ದಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಮನಸ್ಸಿನದು. ಡಬ್ಬಿಗೆ ಒಂದು ಬಿರಡೆ ಹಾಕಿ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಂಡರೆ ಆ ಡಬ್ಬಿಯಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ನಮ್ಮಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ಕಾರ್ಕ್ ಓಕ್ ಇಲ್ಲಿನ ಬೆಳೆಯಲ್ಲ. ಇಲ್ಲಿ ಬಳಕೆಯಾಗುವ ಕಾರ್ಕು ಹೊರಗಿನಿಂದ ಬರುತ್ತದೆ. ಕುಡಿತ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ರಾಜ್ಯ. ನಂದಿ ಬೆಟ್ಟದ ಸೀಮೆಯಲ್ಲಿ ವೈನ್ ತಯಾರಿಕೆ ಬೇರೂರಿದೆ. ಇಲ್ಲಿನ ಬಾಟಲಿಗಳಲ್ಲಿ ಅನೇಕವು ತಿರುಪು ಮುಚ್ಚಳದವಾದರೂ ಬೆಂಗಳೂರಿನ ಹೋಟೆಲುಗಳಲ್ಲಿ, ಮದುವೆ ಮತ್ತು ಸಮಾರಂಭದ ಸಭಾಂಗಣಗಳಲ್ಲಿ, ವೈನರಿಗಳ ರುಚಿ ನೋಡುವ ಕೋಣೆಗಳಲ್ಲಿ ಕಾರ್ಕು ಬಿರಡೆಗಳು ರಾಶಿಯಾಗಿ ಒಂದೆಡೆ ಸಿಗುತ್ತವೆ. ಅದೇ ಸಮಯಕ್ಕೆ ನಮ್ಮ ಕೈಗಾರಿಕೆ ಕಾರ್ಕನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದೆ. ಮೀರತ್, ಜಲಂಧರ್‌ಗಳಲ್ಲಿ ಹೊಲಿಯುವ ಕ್ರಿಕೆಟ್ ಚೆಂಡಿನ ಗರ್ಭದಲ್ಲಿರುವುದು ಕಾರ್ಕು. ನಮ್ಮ ಮೈದಾನಗಳ ಹುಡುಗರು ಆಡುವ ಕಾರ್ಕ್ ಬಾಲ್ ಕೂಡ ಕಾರ್ಕಿನ ಪುಡಿಯದ್ದೆ. ಶಾಲೆಯ ಸೂಚನಾ ಫಲಕ, ಯಂತ್ರದ ಗ್ಯಾಸ್ಕೆಟ್ ಎಲ್ಲಕ್ಕೂ ಪುಡಿ ಬೇಕು. ಒಂದು ಕೈ ಕಾರ್ಕನ್ನು ಎಸೆಯುತ್ತಿದೆ, ಇನ್ನೊಂದು ಕೈ ಅದನ್ನೇ ಕೊಳ್ಳುತ್ತಿದೆ.

ಆದ್ದರಿಂದ ಇಲ್ಲಿ ಮಾಡಬೇಕಾದದ್ದು ಮನೆಮನೆಗೆ ಡಬ್ಬಿ ಹಂಚುವ ಆಂದೋಲನವಲ್ಲ. ತಿಂಗಳಿಗೆ ಎರಡು ಬಿರಡೆ ಬರುವ ಮನೆಯವರು ಅದಕ್ಕಾಗಿ ಪ್ರಯಾಣ ಮಾಡುವ ಅಗತ್ಯವಿಲ್ಲ. ಒಣಕಸದ ಜೊತೆ ಬೇರೆಯಾಗಿ ಕೊಟ್ಟರೆ ಸಾಕು. ಹೆಜ್ಜೆ ಇಡಬೇಕಾದವರು ರಾಶಿಗಟ್ಟಲೆ ಬಿರಡೆ ಬರುವ ಹೋಟೆಲುಗಳು ಮತ್ತು ವೈನರಿಗಳು. ಬೆಂಗಳೂರಿನಲ್ಲಿ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳಿವೆ. ಹಸಿರು ದಳದಂಥ ಸಂಘಟನೆಗಳ ಮೂಲಕ ಒಗ್ಗೂಡಿರುವ, ಯಾವ ಪ್ಲಾಸ್ಟಿಕ್ಕಿಗೆ ಯಾವ ದರ ಎಂದು ಮುಟ್ಟಿದೊಡನೆ ಹೇಳಬಲ್ಲ ಕಸ ಆಯುವ ಜನ ಇದ್ದಾರೆ. ಕಾರ್ಕಿಗೆ ಕಿಲೋಗೆ ಇಷ್ಟು ಎಂಬ ದರ ನಿಗದಿಯಾದ ದಿನ ಅದನ್ನು ಆರಿಸಿ ತೆಗೆಯಲು ಯಾರಿಗೂ ಉಪದೇಶ ಮಾಡಬೇಕಾಗುವುದಿಲ್ಲ. ಆ ದರ ಹುಟ್ಟಬೇಕಾದರೆ ಪುಡಿಯನ್ನು ಕೊಳ್ಳುವ ಒಂದು ಘಟಕ ಹತ್ತಿರದಲ್ಲಿರಬೇಕು, ಅದು ಚೆಂಡಿನದ್ದಾಗಲಿ, ಫಲಕದ್ದಾಗಲಿ. ವೈನ್ ಉದ್ಯಮಕ್ಕೆ ನೀತಿ ರೂಪಿಸುವ ಸರ್ಕಾರ ಇಷ್ಟನ್ನು ಕೂಡಿಸಿಕೊಡುವುದು ಹೆಚ್ಚಿನ ಮಾತೇನಲ್ಲ.

ಕೊಳ್ಳುವವರಿಗೂ ಒಂದು ಕ್ರಮವಿದೆ, ಅದು ತಲೆಕೆಳಗಾಗಬಾರದು. ಮೊದಲನೆಯದು, ವೈನ್ ಕೊಳ್ಳುವುದಾದರೆ ಪ್ಲಾಸ್ಟಿಕ್ ಬಿರಡೆಗಿಂತ ಕಾರ್ಕಿನದನ್ನು ಆರಿಸುವುದು. ಕಾಡಿಗೆ ನೇರವಾಗಿ ತಲುಪುವ ಸಹಾಯ ಅದೊಂದೇ. ಎರಡನೆಯದು, ಆ ಬಿರಡೆಯನ್ನು ಬೇರೆ ಕಸಕ್ಕೆ ಬೆರೆಸದಿರುವುದು. ಮೂರನೆಯದು, ಅದರ ಪುಡಿಯಿಂದ ಮಾಡಿದ ವಸ್ತು ಸಿಕ್ಕಾಗ ಫೋಮಿನ ಬದಲು ಅದನ್ನು ಕೊಳ್ಳುವುದು. ಕೂಡಿಟ್ಟದ್ದನ್ನು ಕೊಳ್ಳುವವರಿಲ್ಲದಿದ್ದರೆ ಮರುಬಳಕೆ ಎಂಬುದು ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದಂತೆ.

ಬೆಲೆಬಾಳುವ ವಸ್ತುವನ್ನು ಯಾರೂ ಎಸೆಯುವುದಿಲ್ಲ, ಎಸೆಯುವ ವಸ್ತುವನ್ನು ಬೆಳೆಸಲು ಯಾರೂ 43 ವರ್ಷ ಕಾಯುವುದಿಲ್ಲ. ಈ ಎರಡು ಮಾತುಗಳ ನಡುವೆ ಕಾರ್ಕ್ ಕಾಡಿನ ಭವಿಷ್ಯ ನಿಂತಿದೆ. ಒಂದು ಬಿರಡೆಯನ್ನು ಮರಳಿ ಕೊಟ್ಟವನು ಮರವನ್ನೇನೂ ಕೊಡಲಿಯಿಂದ ಉಳಿಸುವುದಿಲ್ಲ. ಆದರೆ ಒಂದು ಪದಾರ್ಥ ಒಮ್ಮೆ ಬಳಸಿ ಬಿಸಾಡುವಷ್ಟು ಅಗ್ಗವಲ್ಲ ಎಂದು ಮಾರುಕಟ್ಟೆಗೆ ತಿಳಿಸುತ್ತಾನೆ. ಸಸಿ ನೆಡುವ ರೈತನಿಗೆ, ಕೊಡಲಿ ಹಿಡಿಯುವ ಕಸುಬುದಾರನಿಗೆ, ಕಸ ಆಯುವ ಹೆಂಗಸಿಗೆ ಅದರಿಂದ ಹೊಟ್ಟೆ ತುಂಬುವಂತಾದರೆ ಕಾಡನ್ನು ಕಾಯಲು ಬೇರೆ ಕಾವಲುಗಾರರು ಬೇಕಿಲ್ಲ. ಬಿರಡೆಯನ್ನು ಕೂಡಿಡಬೇಕಾದದ್ದು ಈ ಕಾರಣಕ್ಕೆ, ಮತ್ತು ಈ ಕಾರಣ ಎಷ್ಟು ಪ್ರಶ್ನೆ ಕೇಳಿದರೂ ನಿಲ್ಲುತ್ತದೆ.